ತಲೆಯಳತೆ

ಬೋವೆತ್ಸಿನ ದೋಣಿ ಬಾಡಿಗೆಯಂಗಡಿಯಲ್ಲಿ ತ್ಯಾಶಾ
ಟೇಪು ಸುತ್ತಿ ನನ್ನ ತಲೆ ಅಳೆದಳು:
ಐವತ್ತೇಳು. "ನಮ್ಮೂರಲ್ಲಿ ಅರ್ಧ ಜನರದು ಇದೇ," ಅಂದಳು.

ಕಿತ್ತಳೆ, ಹಳದಿ, ಗಿಳಿಹಸಿರು ಪ್ಲಾಸ್ಟಿಕ್ ಹೆಲ್ಮೆಟ್ಟುಗಳು
ಸಾಲುಮೊಳೆಗೆ ಜೋತು ನಿನ್ನೆಯ ನೀರು ತೊಟ್ಟಿಕ್ಕುತ್ತಿವೆ.
ಕೊನೆಯ ಮೊಳೆಯಲ್ಲಿ ಒಂದು, ತುಕ್ಕಿನದು.
ಅವಳಜ್ಜ ಆಲೂಗಡ್ಡೆ ಅಗೆಯುವಾಗ
ಗುದ್ದಲಿಗೆ ಠಣ್ ಅಂದದ್ದಂತೆ.
ಇಟಲಿಯವನದೋ, ಆಸ್ಟ್ರಿಯದವನದೋ?
"ಯಾರಿಗೆ ಗೊತ್ತು.
ಕೋಳಿಗಳು ವರುಷಗಟ್ಟಲೆ ಅದರಲ್ಲೇ ನೀರು ಕುಡಿದವು."

ಅದರ ಅಳತೆ ಎಷ್ಟು ಎಂದು
ನಾನು ಕೇಳಲಿಲ್ಲ.

ಮೇಲೆ ಬೆಟ್ಟದ ಬೆನ್ನಿನಲ್ಲಿ ಇನ್ನೂ ಕಂದಕಗಳ ಒರಟು ಹೊಲಿಗೆ.
ಚಾರಣದ ಹುಡುಗರು ಅದರಂಚಿಗೆ ಕಾಲು ಇಳಿಬಿಟ್ಟು
ಬ್ರೆಡ್ಡು ಮುರಿಯುತ್ತಾರೆ, ಇರುವೆಗೂ ಒಂದು ಚೂರು.

ಸೋಚಾ ಹೊಳೆಯ ಬಣ್ಣಕ್ಕೆ ನನ್ನ ಬಳಿ ಹೆಸರಿಲ್ಲ.
ನವಿಲುಗರಿ ಎನ್ನಲೆ? ಅಲ್ಲ.
ಗಾಜಿನ ಬಳೆ? ಅದೂ ಅಲ್ಲ.
ಕಾಲಿಟ್ಟರೆ ಮಾತ್ರ ಗೊತ್ತಾಗುತ್ತದೆ, ಮೂಳೆಗೆ.

ಗದ್ದದಡಿ ಪಟ್ಟಿ ಬಿಗಿದು ತ್ಯಾಶಾ
ಎರಡು ಬೆರಳು ತೂರಿಸಿ ನೋಡಿದಳು.
"ಉಸಿರಾಡೋಕೆ ಆಗುತ್ತಾ?"
ಆಗುತ್ತೆ, ಅಂದೆ.

ದೋಣಿಯ ಹಿಂಬದಿಗೆ ಅವಳ ಅಂಗೈ ತಾಗಿದ್ದು ಗೊತ್ತಾಯಿತು,
ಆಮೇಲೆ ಇಲ್ಲ.