ಇನ್ನೊಂದು ಬೊಗಸೆ

ನಮ್ಮಜ್ಜಿ ಗಂಡನ ಹೆಸರು ಹೇಳುತ್ತಿರಲಿಲ್ಲ.
ತಾತನಿಗೂ ಕತೆಯ ದೊರೆಮಗನಿಗೂ
ಹೆಸರು ಒಂದೇ ಆಗಿದ್ದರಿಂದ
ಕತೆಯುದ್ದಕ್ಕೂ ಬರಿಯ 'ಅವರು'.
ಅವರು ಬಿಲ್ಲು ಮುರಿದರು.
ಅವರು ನಾರುಮಡಿ ಉಟ್ಟು ಕಾಡಿಗೆ ಹೊರಟರು.
ಚಳ್ಳಕೆರೆಯ ಮಾಳಿಗೆಯ ಮೇಲೆ
ಶೇಂಗಾ ಸುಲಿಯುತ್ತ ಹ್ಞೂಂಗುಟ್ಟುತ್ತಿದ್ದ ನಾನು
ಕೆಳಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ
ತಾತನ ಕಡ್ಡಿತೋಳು ನೋಡಿಯೂ
ಬಹಳ ದಿನ ನಂಬಿಕೊಂಡಿದ್ದೆ.

ಈಗ ನನಗೆ ಐವತ್ತೆಂಟು. ಹಲ್ಲು ನಡುಗಿಸುವ ಊರು, ಹಲ್.
ಹೆಸಲ್ ರಸ್ತೆಯ ವೃದ್ಧರ ಮನೆಯಲ್ಲಿ ರಾತ್ರಿಪಾಳಿ.
ಮಕ್ಕಳಿಗೆ ಹೇಳಿ ಮುಗಿದವು ಕತೆಗಳು ಅಂದುಕೊಂಡಿದ್ದೆ.
ಔಷಧಿಯ ಗಾಡಿ ತಳ್ಳುವಾಗ ಜೊತೆಗೇ ಬರುತ್ತವೆ,
ಚಕ್ರಕ್ಕೆ ಸುತ್ತಿಕೊಂಡ ಕೂದಲಿನ ಹಾಗೆ.

ಏಳನೇ ಕೋಣೆಯ ಡೋರೀನ್ ಬ್ಲೆಂಕಿನ್, ತೊಂಬತ್ತೊಂದು.
ಮೀನುಹಡಗಿನವನ ಹೆಂಡತಿ.
ಈ ಬೀದಿಯ ನೇಮ ಅವಳೇ ಹೇಳಿದ್ದು:
ಗಂಡ ಕಡಲಿಗೆ ಹೊರಟ ದಿನ ಬಟ್ಟೆ ಒಗೆಯಬಾರದು,
ಒಗೆದರೆ ಅವನೂ ತೊಳೆದುಹೋಗುತ್ತಾನೆ.
ಕೈ ಬೀಸಬಾರದು, ಅಲೆಯನ್ನು ಕರೆದಂತೆ.
ನಮ್ಮ ಕಡೆಯೂ ಯಾರಾದರೂ ಹೊರಟ ಬೆನ್ನಿಗೆ
ತಲೆಗೆ ನೀರು ಹಾಕಿಕೊಳ್ಳುವುದಿಲ್ಲ ಎಂದು ನಕ್ಕೆ.
ಅವಳು ನಗಲಿಲ್ಲ.

ಫೆಬ್ರುವರಿಯ ಒಂದು ರಾತ್ರಿ, ಮೂರು ಗಂಟೆ,
ಹಂಬರ್ ನದಿಯ ಮಂಜು ಕಿಟಕಿಗೆ ಮೂಗು ಒತ್ತಿತ್ತು.
"ಅವತ್ತು ಒಗೆದೆ," ಎಂದಳು.
"ಒಂದೇ ಒಂದು ಅಂಗಿ. ಮಗುವಿನದು. ವಾಂತಿಯಾಗಿತ್ತು.
ಲೆನ್ ತಿರುಗಿ ಬರಲಿಲ್ಲ.
ಅದೇ ಹಡಗಿನವರ ಹೆಂಗಸರ ಪಕ್ಕ ನಿಂತು
ಅರವತ್ತು ವರುಷ ಬ್ರೆಡ್ಡು ಕೊಂಡೆ.
ಯಾರಿಗೂ ಹೇಳಿಲ್ಲ."

ನಿಮ್ಮ ತಪ್ಪಲ್ಲ ಅನ್ನಬೇಕು. ಅಂದೆ.
ಆ ಮಾತು ಅವಳ ಹೊದಿಕೆಯ ಮೇಲೆ ಚೂರು ಕೂತು
ಜಾರಿ ಕೆಳಗೆ ಬಿತ್ತು.
ಏನೂ ತೋಚದೆ ಕುರ್ಚಿ ಎಳೆದುಕೊಂಡು
ಒಬ್ಬಳಿದ್ದಳು, ಎಂದೆ.

ಒಬ್ಬಳಿದ್ದಳು. ಮದುವೆಗೆ ಮುಂಚೆ ಹೆತ್ತ ಕೂಸನ್ನು
ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳು.
ಲೋಕದೆದುರು ತುಟಿ ಹೊಲಿದುಕೊಂಡಳು.
ಕೂಸು ಬೆಳೆಯಿತು, ಎದುರು ಪಾಳೆಯದಲ್ಲಿ ನಿಂತಿತು,
ತಮ್ಮನ ಬಾಣಕ್ಕೆ ಬಿತ್ತು.
ಯುದ್ಧ ಮುಗಿದು, ಸೊಂಟಮಟ್ಟದ ನೀರಲ್ಲಿ ನಿಂತು
ಉಳಿದ ಮಕ್ಕಳು ಸತ್ತವರ ಹೆಸರು ಹಿಡಿದು ತರ್ಪಣ ಬಿಡುವಾಗ
ದಡದ ಮೇಲಿನ ಮುದುಕಿ, ಕಡೆಗೂ, ಬಾಯಿ ಬಿಟ್ಟಳು:
ಇನ್ನೊಂದು ಬೊಗಸೆ ಬಿಡಿ. ಅವನೂ ನಿಮ್ಮಣ್ಣ.

ಯಾರ ಹೆಸರೂ ಹೇಳಲಿಲ್ಲ ನಾನು. ಅಜ್ಜಿಯ ಅಭ್ಯಾಸ.
ನಡುನಡುವೆ ಡೋರೀನ್ "ಆಯ್" ಅನ್ನುತ್ತಿದ್ದಳು.
ಇಲ್ಲಿಯವರ ಹೌದು ಅದು,
ನನ್ನ ಕಿವಿಗೆ ಹ್ಞೂಂ.

"ಮಗ ಏನಂದ?"
ದೊಡ್ಡವನು ಶಾಪ ಕೊಟ್ಟ:
ಇನ್ನು ಮೇಲೆ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ.
ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು.
"ಅದನ್ನ ಶಾಪ ಅಂತಾನಾ, ದಡ್ಡ!"

ಬೆಳಗಿನ ಪಾಳಿಯ ಹುಡುಗ ಬಾಗಿಲಲ್ಲಿ ನಿಂತು ಕೇಳಿದ:
ಅದೆಲ್ಲ ನಿಜವಾಗಿ ನಡೆದದ್ದಾ?
ಗೊತ್ತಿಲ್ಲಪ್ಪ. ಕೊಡ ನಿಜವಾ ಅಂತ ಯಾರು ಕೇಳುತ್ತಾರೆ,
ನೀರು ನಿಲ್ಲುತ್ತದಾ ನೋಡುತ್ತಾರೆ.
ಸೋರುವವೂ ಇವೆ ನನ್ನ ಹತ್ತಿರ.
ಹೆಂಡತಿಯನ್ನು ಬೆಂಕಿಗೆ ನಿಲ್ಲಿಸಿದ್ದು, ಎಲ್ಲಿ ಹಿಡಿದೆತ್ತಿದರೂ ಸೋರುತ್ತದೆ;
ಆ ಭಾಗ ಬಂದಾಗಲೆಲ್ಲ ಅಜ್ಜಿ
ಶೇಂಗಾ ಮುಗೀತು, ಏಳ್ರೋ ಅನ್ನುತ್ತಿದ್ದಳು.

ತಾತ ಹೋದ ವರುಷ
ಅದೇ ಕತೆಯ ನಡುವೆ, ಮೊದಲ ಸಲ,
ಅವಳು ಆ ಹೆಸರು ಆಡಿದಳು.
ಹ್ಞೂಂಗುಟ್ಟುವುದು ಯಾರಿಗೂ ನೆನಪಾಗಲಿಲ್ಲ.

ನಾನು ಹೊರಡುವಾಗ ಡೋರೀನ್
ಕಾರ್ಡಿಗನ್ ಬಿಚ್ಚಿ ಕೈಗಿತ್ತಳು.
"ಒಗೆಯೋಕೆ ಹಾಕು. ಇವತ್ತೇ."
ಇವತ್ತು ಯಾರು ಹೊರಟಿದ್ದಾರೆ ಎಂದು ಕೇಳಲಿಲ್ಲ.
ಕೆಳಗಿನ ಕೋಣೆಯಲ್ಲಿ ಯಂತ್ರ ನೀರು ತುಂಬಿಕೊಂಡಿತು.
ದುಂಡು ಗಾಜಿನಾಚೆ ನೀಲಿ ತೋಳೆರಡೂ ಮೇಲೆದ್ದು
ಬೀಸಿದವು, ಮುಳುಗಿದವು,
ಮತ್ತೆ ಬೀಸಿದವು.