ದುಂಡಕ್ಷರ

ಸವಳಂಗ ರಸ್ತೆಯ ಆ ಉದ್ದನೆ ಗೋಡೆಯ ಮೇಲೆ
ಹಳದಿಗೆ ನೀಲಿ, ನೀಲಿಗೆ ಕೆಂಪು ನೆರಳು ಕೊಟ್ಟು
ಬರೆದವನು ನಾನೇ:
'ಕುಡಿತ ಬಿಡಿಸಲಾಗುವುದು. ಕುಡಿಯುವವರಿಗೆ ಗೊತ್ತಾಗದಂತೆ.'
ಕೆಳಗೆ ಹತ್ತು ಅಂಕಿ.
ಬರೆಸಿದವನು ಕೂಲಿಯ ಮೇಲೊಂದು ಕ್ವಾರ್ಟರ್ ಕೊಟ್ಟ.
ಅಲ್ಲೇ ಗೋಡೆಗೊರಗಿ ಕುಡಿದೆ.
ಬಣ್ಣ ಇನ್ನೂ ಹಸಿ. ಅಂಗಿಯ ಬೆನ್ನಿಗೆ
'ಗೊತ್ತಾಗದಂತೆ' ಹತ್ತಿಕೊಂಡಿತ್ತು, ಕನ್ನಡಿಯಲ್ಲಿ ಓದುವ ಹಾಗೆ.
ಕಮಲಾಕ್ಷಿ ಸೀಮೆಎಣ್ಣೆ ಹಾಕಿ ಉಜ್ಜಿದಳು.
ಏನೂ ಕೇಳಲಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು.

ಈಗ ನಾನೇ ಹುಡುಕುತ್ತಿದ್ದೇನೆ.
ಶಿವಮೊಗ್ಗ ನನಗೆ ಬರೀ ಬೋರ್ಡುಗಳ ಊರು.
ದುರ್ಗಿಗುಡಿಯ ಮೂಳೆ ಡಾಕ್ಟರು, ಗಾಂಧಿ ಬಜಾರಿನ ಪಾತ್ರೆ ಅಂಗಡಿ,
ಬಸ್‌ಸ್ಟ್ಯಾಂಡ್ ಕಡೆಯ ಮೂರು ಬಾರು.
ಅಕ್ಷರ ನೋಡಿ ಹೇಳಬಲ್ಲೆ
ಆ ದಿನ ಎಷ್ಟು ಏರಿಸಿದ್ದೆ ಅಂತ.
ಹಲ್ಲಿಗೆ, ಕಣ್ಣಿಗೆ, ಮೂಲವ್ಯಾಧಿಗೆ, ಸಂತಾನಕ್ಕೆ ಬರೆದಿದ್ದೇನೆ.
ಇದಕ್ಕೆ ಮಾತ್ರ, ಆ ಗೋಡೆ ಬಿಟ್ಟರೆ, ಒಂದೂ ಬರೆದ ನೆನಪಿಲ್ಲ.

ಆ ಹತ್ತು ಅಂಕಿಗೆ ಫೋನು ಮಾಡಿದೆ, ನಗಬೇಡಿ.
ಈಗದು ಕೋಳಿಮರಿ ಮಾರುವವರ ನಂಬರು.
'ಎಷ್ಟು ಬೇಕು?' ಅಂದರು.
ಏನು ಹೇಳಲಿ.

ದೊಡ್ಡಾಸ್ಪತ್ರೆಗೆ ಹೋದೆ. ಚೀಟಿಯ ಕಿಟಕಿಯವಳು
'ಏನು ಕಾಯಿಲೆ?' ಅಂತ ಊರಿಗೆಲ್ಲ ಕೇಳುವ ಹಾಗೆ ಕೇಳಿದಳು.
ಹಿಂದೆ ನಿಂತಿದ್ದ ಪೇಂಟ್ ಅಂಗಡಿಯ ಲಿಂಗಣ್ಣ.
'ಕೆಮ್ಮು' ಅಂದೆ.
ಕೆಮ್ಮಿನ ಔಷಧಿ ಕೊಟ್ಟರು.
ಅದನ್ನೂ ಒಂದೇ ಸಲಕ್ಕೆ ಕುಡಿದೆ.

ಭಾವಮೈದ 'ದೇವರ ಮುಂದೆ ಆಣೆ ಹಾಕು' ಅಂದ.
ಎರಡು ಸಲ ಹಾಕಿ ಮುರಿದಾಗಿದೆ,
ಮೂರನೆಯದಕ್ಕೆ ದೇವರೂ ಸಾಲ ಕೊಡುವವನಲ್ಲ.
ವಿನೋಬನಗರದಲ್ಲಿ ಒಬ್ಬರು ಆರು ವಾರದ ದುಡ್ಡು ಮುಂಗಡ ಕೇಳಿದರು.
ಜೇಬು ತಡವಿಕೊಂಡೆ. ಹಲಗೆ ಪೆನ್ಸಿಲಿತ್ತು.

ಕೊನೆಗೆ ಹೇಳಿದವನು ತೌಸೀಫ್, ಫ್ಲೆಕ್ಸ್ ಅಂಗಡಿಯ ಹುಡುಗ,
ನನ್ನ ಅನ್ನ ಕಿತ್ತುಕೊಂಡ ಮೆಷಿನ್ನಿನ ಮುಂದೆ ಕೂರುವವನು.
ತಲೆ ಎತ್ತದೆಯೇ ಅಂದ:
'ನಮ್ಮಣ್ಣ ಹೋಗ್ತಾನೆ ರುದ್ರಾಚಾರ್ರೇ. ತಿಲಕನಗರ.
ಜೆರಾಕ್ಸ್ ಅಂಗಡಿ ಮೇಲೆ. ಬೋರ್ಡಿಲ್ಲ.'

ಮೂರು ಸಲ ಆ ಮೆಟ್ಟಿಲು ದಾಟಿ ಹೋದೆ,
ಮುಂದೆಲ್ಲೋ ಕೆಲಸ ಇದ್ದವನ ಹಾಗೆ.
ನಾಲ್ಕನೇ ಸಲ ಜೆರಾಕ್ಸಿನವನು ಕಾಗದ ಜೋಡಿಸುತ್ತಲೇ
ಗದ್ದದಲ್ಲಿ ಮೇಲೆ ತೋರಿಸಿದ.

ಹಿಲ್ಡಾ ಮೇಡಂ ನನ್ನ ತಂಗಿಯ ವಯಸ್ಸಿನವರು.
ನೀರು ಕೊಟ್ಟರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದೆ.
'ಬೋರ್ಡು ಯಾಕಿಲ್ಲ?' ನಾನೇ ಮೊದಲು ಕೇಳಿದ್ದು, ಕಸುಬಿನ ಚಟ.
'ಇತ್ತು. ಅದು ಇದ್ದ ಎರಡು ತಿಂಗಳು
ಯಾರೂ ಮೆಟ್ಟಿಲು ಹತ್ತಲಿಲ್ಲ.'

ಆಮೇಲೆ ಕೈ ಚಾಚಿ ತೋರಿಸಿದೆ.
ಕನ್ನಡದಲ್ಲಿ ನೇರ ಗೆರೆ ಕಡಿಮೆ ಮೇಡಂ, ಎಲ್ಲ ದುಂಡು.
'ಠ' ಬರೆಯಹೋದರೆ ಆಲೂಗಡ್ಡೆ ಆಗುತ್ತೆ.
ಬೆಳಿಗ್ಗೆ ಒಂದು ಗುಟುಕು ಒಳಗೆ ಬಿದ್ದರೇ
ಹೊರಟ ಗೆರೆ ಹೊರಟಲ್ಲಿಗೆ ಬಂದು ಸೇರೋದು.
ಕುಡಿದಾಗಲೇ ನನ್ನ ಅಕ್ಷರ ಚೆನ್ನ. ಅದಕ್ಕೇನು ಮಾಡಲಿ?

ನಗಲಿಲ್ಲ ಅವರು. ಅಯ್ಯೋ ಅನ್ನಲೂ ಇಲ್ಲ.
'ಒಮ್ಮೆಲೇ ನಿಲ್ಲಿಸಬೇಡಿ, ಅಪಾಯ.
ಮೊದಲು ಡಾಕ್ಟರು ನೋಡಲಿ. ಚೀಟಿ ಮಾಡಿಸೋಕೆ ನಾನೂ ಬರ್ತೀನಿ.
ಕೆಮ್ಮು ಅನ್ನಬೇಡಿ.'

'ದಿನಕ್ಕೆ ಎಷ್ಟು?'
ಎರಡು ಕ್ವಾರ್ಟರ್ ಅಂದೆ.
ಪೆನ್ಸಿಲಿನಲ್ಲಿ ಬರೆದುಕೊಂಡರು,
ಪಕ್ಕದಲ್ಲಿ ಒಂಚೂರು ಜಾಗ ಬಿಟ್ಟು.

ಮಂಗಳವಾರ ಸಂಜೆ ಐದಕ್ಕೆ ಮತ್ತೆ.
ಸಿಟಿ ಬಸ್ಸಿನ ಕಿಟಕಿಯ ಧೂಳಿನಲ್ಲಿ
ಬೆರಳಿಂದ 'ನಾಲ್ಕು' ಅಂತ ಬರೆದು ನೋಡಿದೆ.
ಒತ್ತು ಸೊಟ್ಟಗಾಯಿತು.
ಓದಲು ಬರುತ್ತದೆ.