ಹೆಡ್ ತೊಳೆದ ದಿನ

ಬಲೆ ಮಡಚಿಟ್ಟರು, ಬೋಟು ದಡ ಹತ್ತಿದವು.
ಇನ್ನೆರಡು ತಿಂಗಳು ಬೈತಖೋಲದಲ್ಲಿ
ಮೀನಿಗಿಂತ ನಮ್ಮ ವಾಸನೆಯೇ ಜೋರು.
ತಮಾ, ಆ ಪಾತ್ರೆ ಎಳೆ.
ಅದಲ್ಲ, ಅದರ ತಳ ತೂತು. ಇದು.

ಮೊದಲು ಕೆರೆ. ಬಿದಿರಿನ ಸೀಳು ಸಾಕು, ಉಳಿ ಬೇಡ.
ಹತ್ತು ತಿಂಗಳ ಎಣ್ಣೆ, ಉಪ್ಪು,
ಎಲ್ಲಿಂದಲೋ ಬಂದು ಕೂತ ಬಂಗಡೆಯ ಹುರುಪೆ,
ಎಲ್ಲ ಸೇರಿ ಹಲ್ಲಿನ ಹಿಟ್ಟೆಯ ಹಾಗೆ ಗಟ್ಟಿ.
ಇದನ್ನು ಕೆರೆಯದೇ ಯಾವ ಔಷಧ ಸುರಿದರೂ ದಂಡ.

ಸೀಮೆಎಣ್ಣೆ ಒಳ್ಳೆಯದಿತ್ತು, ರೇಷನ್ ಅಂಗಡಿಯಲ್ಲಿ ಸಿಗುವ ಕಾಲಕ್ಕೆ.
ನನ್ನ ಗುರು ಪೆದ್ರು ಮೇಸ್ತನ ಹೆಂಡತಿ
ಒಲೆಗೆ ಅರ್ಧ ಎತ್ತಿಟ್ಟು ಉಳಿದರ್ಧ ಕೊಡುತ್ತಿದ್ದಳು,
ಬಾಟಲಿಗೆ ಸುಣ್ಣದ ಗೆರೆ ಎಳೆದು.
ಈಗ ಡೀಸೆಲ್ಲು. ನಿಧಾನ, ಆದರೆ ಸಿಟ್ಟಿಲ್ಲ ಅದಕ್ಕೆ.
ಪೆಟ್ರೋಲಿಗೆ ಸಿಟ್ಟು. ನನ್ನ ಎಡ ಹುಬ್ಬು ನೋಡು,
ಕೂದಲು ಹುಟ್ಟದೇ ಹತ್ತೊಂಬತ್ತು ವರ್ಷ.
ಬೀಡಿ ನನ್ನದಲ್ಲ, ಪಕ್ಕದವನದು.

ಕಾಸ್ಟಿಕ್ ಸೋಡಾದ ಡಬ್ಬಿ ಮೇಲಿನ ಹಲಗೆಯಲ್ಲೇ ಇರಲಿ.
ಬೀಡುಕಬ್ಬಿಣದ ಬ್ಲಾಕಿಗೆ ಸೈ.
ಅಲ್ಯೂಮಿನಿಯಂ ಕಂಡರೆ ನೊರೆಯುಕ್ಕಿಸಿ ತಿನ್ನುತ್ತದೆ.
ಮುದಗಾದವನೊಬ್ಬನ ಪಿಸ್ಟನ್ನು ರಾತ್ರಿ ನೆನೆಹಾಕಿದ್ದೆ,
ಬೆಳಿಗ್ಗೆ ಎತ್ತಿದರೆ ಹುಳ ಹಿಡಿದ ಗೇರುಬೀಜ.
ರಬ್ಬರಿಗೆ ಥಿನ್ನರು ತೋರಿಸಲೂ ಬೇಡ,
ನೆನೆದ ಅವಲಕ್ಕಿಯಂತೆ ಉಬ್ಬುತ್ತದೆ.

ಆ ನೀಲಿ ಕ್ಯಾನು ಹುಬ್ಬಳ್ಳಿಯ ಮಾರಾಟದವ ತಂದದ್ದು.
ಬೆಂಕಿ ಹತ್ತುವುದಿಲ್ಲ, ಕೈ ಸುಡುವುದಿಲ್ಲ,
ಒಂದಕ್ಕೆ ಹತ್ತು ನೀರು ಅಂದ.
ಅವ ನಮ್ಮ ಕೊಳೆ ಕಂಡವನಲ್ಲ. ಒಂದಕ್ಕೆ ಮೂರು ಹಾಕು,
ನೀರು ಬಿಸಿ ಇರಲಿ, ತಣ್ಣೀರಿಗೆ ಅದು ಬರೀ ನೊರೆ.
ಕಡೆಗೊಮ್ಮೆ ಕುದಿವ ಸಿಹಿನೀರು.
ಸಿಹಿ ಅಂದೆ. ಹತ್ತು ಹೆಜ್ಜೆಗೆ ಸಮುದ್ರ ಇದೆಯೆಂದು
ಬಾಲ್ದಿ ಹಿಡಿದು ಅತ್ತ ಹೋಗಬೇಡ.
ಒರೆಸಿದ್ದೇ ಎಣ್ಣೆಗೈ ಆಡಿಸು.
ಈ ಗಾಳಿಗೆ, ಚಾ ಕುಡಿದು ಬರುವಷ್ಟರಲ್ಲಿ ಕಬ್ಬಿಣ ಕೆಂಪು.

ಹೀಗೆ ಹೇಳುತ್ತಲೇ ಇದ್ದೆ, ಸುಕ್ರು ಉಜ್ಜುತ್ತಲೇ ಇದ್ದ,
ಶೇವಂತಿ ತಾಂಡೇಲಳ ಬೋಟಿನ ಹೆಡ್ಡು.
ಮಾರ್ಚಿನಲ್ಲಿ ದೇವಗಡದ ದೀಪದಾಚೆ ನಿಂತುಹೋದ ಇಂಜಿನು.
ಏಳು ಜನ ಬೆಳಗಿನವರೆಗೆ ಅಲೆಯ ಮೇಲೆ.
ಎಳೆದು ತರುವಾಗ ಹಗ್ಗಕ್ಕೆ ಸಿಕ್ಕಿ
ಅವಳ ತಮ್ಮನ ಎರಡು ಬೆರಳು ಹೋದವು.
ಡೀಸೆಲ್ಲಿನಲ್ಲಿ ನೀರಿತ್ತು ಎಂದು ನಾನೇ ಹೇಳಿದ್ದೆ.
ಎಲ್ಲರೂ ನಂಬಿದರು, ನಾನೂ.

"ಇಲ್ಲೇನೋ ಬೂದಿ ಬಣ್ಣದ್ದು ಅಂಟಿದೆ," ಅಂದ.

ಬಗ್ಗಿದೆ.
ಹುಣಸೆಬೀಜದಷ್ಟು ಎಂ-ಸೀಲು,
ಅದರಂಚಿನಿಂದ ಹೊರಟ ಕೂದಲೆಳೆಯ ಬಿರುಕು.
ಸೀಲಿನ ಮೇಲೆ ಒತ್ತಿದ ಹೆಬ್ಬೆರಳಿನ ಗುರುತು,
ಗುರುತಿನ ನಡುವೆ ಅಡ್ಡಕ್ಕೊಂದು ಹಳೇ ಗಾಯದ ಗೆರೆ.

ಎರಡು ವರ್ಷದ ಹಿಂದೆ, ಬೋಟು ಇಳಿಸುವ ಹಿಂದಿನ ರಾತ್ರಿ.
ಅವಳ ಹತ್ತಿರ ದುಡ್ಡಿರಲಿಲ್ಲ, ನನ್ನ ಹತ್ತಿರ ಹೊತ್ತಿರಲಿಲ್ಲ.
ಸೀಸನ್ ಮುಗಿಯಲಿ, ಬಿಚ್ಚಿ ಸರಿ ಮಾಡುತ್ತೇನೆ ಅಂದವ
ಸೀಸನ್ ಮುಗಿದದ್ದೇ ಮರೆತೆ.
ಎಣ್ಣೆ ಬಂದು ಮುಚ್ಚಿಕೊಂಡಿತು.

ಕೈ ಮುಷ್ಟಿ ಮಾಡಿಕೊಂಡೆ, ಹೆಬ್ಬೆರಳು ಒಳಗಿಟ್ಟು.
ಹುಡುಗ ಅದನ್ನು ನೋಡಿದನೋ, ಗೊತ್ತಿಲ್ಲ.
ಕೇಳಿದ್ದು ಇಷ್ಟೇ:
"ಇದು ಯಾವುದಕ್ಕೆ ಬಿಡುತ್ತದೆ? ಡೀಸೆಲ್ಲಿಗಾ, ನೀಲಿಯದಕ್ಕಾ?"

ಥಿನ್ನರು, ಅಂದೆ.
ಅವ ಬಾಟಲಿ ತಂದು ಬಿರಡೆ ತಿರುಗಿಸಿದ ಮೇಲೆ,
ನಿಲ್ಲು, ಅಂದೆ.
ಹಾಗೇ ಇರಲಿ. ಶೇವಂತಕ್ಕನಿಗೆ ಫೋನು ಹಚ್ಚು,
ತಮ್ಮನನ್ನೂ ಕರಕೊಂಡು ಬರಲಿ.

ಮರದ ಹುಡಿ, ಸಾಬೂನು ಹಾಕಿ ಕೈ ತಿಕ್ಕುತ್ತ ಕೂತೆ.
ಬಂದರಿನ ರಸ್ತೆಯಲ್ಲಿ ಅವಳ ಕೊಡೆ ಕಾಣುವ ಹೊತ್ತಿಗೆ
ಹೆಡ್ಡಿನ ಅಂಚು ಕೆಂಪಾಗತೊಡಗಿತ್ತು.
ಎಣ್ಣೆ ಹಚ್ಚುವುದು
ಇಬ್ಬರಿಗೂ ಮರೆತಿತ್ತು.